ಎರಡು ಸರ್ವರ್, ಒಂದೇ ಬಿಲ್ ನಂಬರು

ಪ್ರಶ್ನೆ: ಸರ್, ಕೋಲಾರದಲ್ಲಿ ಒಂದು ಟೊಮ್ಯಾಟೊ ಮಂಡಿಯ ಬಿಲ್ಲಿಂಗ್ ಕಂಪ್ಯೂಟರು ನೋಡ್ಕೊಳ್ಳೋದು ನನ್ ಕೆಲ್ಸ. ಒಂದು ಕೈಕೊಟ್ರೆ ಇನ್ನೊಂದು ನಡೆಸ್ಲಿ ಅಂತ ಎರಡು ಸರ್ವರ್ ಇಟ್ಟಿದೀವಿ. ಮೊನ್ನೆ ಇಲಿ ಮಧ್ಯದ ಕೇಬಲ್ ಕಡಿದ್ಹಾಕ್ತು, ಎರಡೂ ಆನ್ ಆಗೇ ಇದ್ವು, ಆದ್ರೆ 4127ನೇ ನಂಬರ್ ಬಿಲ್ಲು ಶ್ರೀನಿವಾಸಪುರದ ರೈತರಿಗೂ ಹೋಯ್ತು, ಮುಳಬಾಗಿಲಿನವರಿಗೂ ಹೋಯ್ತು. ಓನರ್ ಬೈದಿದ್ದು ನಂಗೆ. ಯಾಕಿಂಗಾಯ್ತು?

ಉತ್ತರ: ಇಲೀನ ಬೈಬೇಡಿ, ಸೆಟಪ್ಪೇ ಹಂಗಿದೆ. ಸರ್ವರ್‌ಗಳು ಒಂದಕ್ಕೊಂದು ಸೆಕೆಂಡಿಗೆ ಒಂದೋ ಹತ್ತೋ ಸಲ 'ಇದೀನಿ, ಇದೀನಿ' ಅಂತ ಚಿಕ್ಕ ಪ್ಯಾಕೆಟ್ ಕಳಿಸ್ತಾ ಇರ್ತವೆ, ಅದೇ ಹಾರ್ಟ್‌ಬೀಟು. ಅದು ನಿಂತ್ರೆ ಆ ಕಡೆಯವನು ಸತ್ನಾ, ಇಲ್ಲಾ ಬರೀ ಕೇಬಲ್ ಹೋಯ್ತಾ ಅಂತ ಈ ಕಡೆಯವನಿಗೆ ಗೊತ್ತಾಗೋ ದಾರೀನೇ ಇಲ್ಲ, ಹಂಗಾಗಿ ಎರಡೂ 'ಇನ್ನು ನಾನೇ ಯಜಮಾನ' ಅಂದ್ಕೊಂಡು ಬಿಲ್ ಹೊಡೆದ್ವು. ಇದಕ್ಕೆ ಸ್ಪ್ಲಿಟ್ ಬ್ರೈನ್ ಅಂತಾರೆ.

ಮದ್ದು ಬಹುಮತ. 2014ರಲ್ಲಿ ಬಂದ ರಾಫ್ಟ್ ಅನ್ನೋ ವಿಧಾನದಲ್ಲಿ ಒಬ್ಬ ಲೀಡರ್ ಇರ್ತಾನೆ, ಹೊಸ ಬಿಲ್ಲು ಬಂದ್ರೆ ಅವನು ತನ್ನ ಲಾಗಲ್ಲಿ, ಅಂದ್ರೆ ಸಾಲಾಗಿ ಬರೆಯೋ ದಾಖಲೇಲಿ, ಬರ್ಕೊಂಡು ಉಳಿದವರಿಗೆ ಕಳಿಸ್ತಾನೆ, ಅರ್ಧಕ್ಕಿಂತ ಜಾಸ್ತಿ ಜನ 'ಬರ್ಕೊಂಡೆ' ಅಂದ್ಮೇಲೇ ಬಿಲ್ಲು ಪಕ್ಕಾ. ಮೂರರಲ್ಲಿ ಎರಡು, ಐದರಲ್ಲಿ ಮೂರು. ಒಂಟಿಯಾದ ಲೀಡರ್ ಎಷ್ಟು ಕೂಗಿದ್ರೂ ಅವನ ಬಿಲ್ಲು ಪಾಸಾಗಲ್ಲ. ನಿಮ್ದು ಎರಡೇ ಇರೋದ್ರಿಂದ ಎರಡರ ಬಹುಮತ ಅಂದ್ರೆ ಎರಡೇ, ಒಂದು ಹೋದ್ರೆ ಮಂಡಿ ಬಂದ್! ಅದಕ್ಕೆ ಮೂರನೇದೊಂದು ಬೇಕು. ದೊಡ್ಡ ಸರ್ವರೇ ಆಗ್ಬೇಕಿಲ್ಲ, ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಡೇಟಾ ಇಡ್ದೆ ವೋಟು ಮಾತ್ರ ಹಾಕೋ ಮಿಷಿನ್ ಸಾಕು. ಆದ್ರೆ ಅದರ ಕೇಬಲ್‌ನೂ ಅದೇ ಇಲಿ ಬಿಲದ ಮುಂದೆ ಎಳೀಬೇಡಿ.

ಡಬಲ್ ಆದ ಬಿಲ್ಲುಗಳನ್ನ ಕೈಯಾರೆ ಸರಿ ಮಾಡಿ. ಟೈಮ್ ನೋಡಿ ಕೊನೇದನ್ನ ಉಳಿಸ್ಕೊಳ್ಳೋ ಆಪ್ಷನ್ ಒತ್ತಿದ್ರೆ ಒಬ್ಬ ರೈತರ ಬಿಲ್ಲೇ ಮಾಯ, ಅದೂ ಅಲ್ದೆ ಎರಡು ಸರ್ವರ್ ಗಡಿಯಾರ ಒಂದೇ ಥರ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಪ್ರಶ್ನೆ: ನೂರು ಸರ್ವರ್ ಇದ್ರೆ ಪ್ರತಿಯೊಂದೂ ಎಲ್ಲದಕ್ಕೂ 'ಇದೀನಿ' ಅಂತ ಹೇಳ್ಬೇಕಾ? ನೆಟ್‌ವರ್ಕ್ ಜಾಮ್ ಆಗಲ್ವಾ? (ಚಿಂತಾಮಣಿಯ ಓದುಗರು)

ಉತ್ತರ: ಆಗುತ್ತೆ, ಒಂದು ಸುತ್ತಿಗೇ 9900 ಮೆಸೇಜು. ಅದಕ್ಕೇ ಗಾಸಿಪ್ ಅನ್ನೋ ವಿಧಾನ ಇರೋದು. ನಿಮ್ಮೂರ ಮಾರ್ಕೆಟ್ಟಲ್ಲಿ ಬಾಕ್ಸ್ ರೇಟು ಏರಿದ್ರೆ ಯಾರೂ ಮೈಕ್ ಹಿಡ್ಕೊಂಡು ಕೂಗಲ್ಲ, ಟೀ ಅಂಗಡೀಲಿ ಒಬ್ಬ ಇಬ್ಬರಿಗೆ, ಅವರು ಇನ್ನಿಬ್ಬರಿಗೆ, ಲೋಟ ಖಾಲಿಯಾಗೋದ್ರೊಳಗೆ ಎಲ್ಲರಿಗೂ ಗೊತ್ತು. ಕಸ್ಸಾಂಡ್ರ ಡೇಟಾಬೇಸಲ್ಲಿ ಪ್ರತಿ ನೋಡ್, ಅಂದ್ರೆ ಗುಂಪಿನ ಪ್ರತಿ ಸರ್ವರ್, ಸೆಕೆಂಡಿಗೊಂದು ಸಲ ಹೆಚ್ಚಂದ್ರೆ ಮೂರು ನೋಡ್ ಜೊತೆ ಹಿಂಗೇ ಮಾತಾಡುತ್ತೆ, ತಾನು ಕೇಳಿದ್ದನ್ನೂ ಸೇರಿಸಿ ಹೇಳುತ್ತೆ. ಯಾರು ಬದುಕಿದಾರೆ ಅಂತ ತಿಳ್ಕೊಳೋಕೆ ಇದು ಧಾರಾಳ ಸಾಕು. ಬಿಲ್ ನಂಬರ್ ಕೊಡೋಕೆ ಮಾತ್ರ ಬೇಡ, ಅಲ್ಲಿಗೆ ಮೇಲೆ ಹೇಳಿದ ವೋಟೇ ಬೇಕು.