ಔಷಧದ ಹಣ, ದಾರಿಯ ಹಣ

ಮಾನ್ಯ ಓದುಗರೇ,

ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳ ನೆರವಿಗೆ ನಿಂತಿರುವ ದತ್ತಿ ಪ್ರತಿಷ್ಠಾನವೊಂದರ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ದಾನಿಗಳ ಹಣದ ದೊಡ್ಡ ಪಾಲು ಕುಟುಂಬದವರ ಪ್ರಯಾಣಕ್ಕೂ ಆಸ್ಪತ್ರೆಯ ಬಳಿಯ ವಸತಿಗೂ ಹೋಗುತ್ತಿದೆ, ಅದು ಔಷಧಕ್ಕೋ ಸಂಶೋಧನೆಗೋ ಸಲ್ಲಬೇಕಿತ್ತು ಎಂಬುದು ತಮ್ಮ ಮೊದಲ ಆಕ್ಷೇಪ. ಒಂದೇ ತಿಂಗಳಲ್ಲಿ ಗುಣವಾದ ಮಗುವಿಗೆ ಮತ್ತೆ ಎರಡು ವರ್ಷ ನೆರವು ಕೊಡುತ್ತಾ ಹೋದರೆ ಸರದಿಯಲ್ಲಿ ಕಾದಿರುವ ಇನ್ನೊಂದು ಮಗುವಿಗೆ ಅನ್ಯಾಯವಾಗುವುದಿಲ್ಲವೇ ಎಂಬುದು ಎರಡನೆಯದು.

ಎರಡನೆಯ ಆಕ್ಷೇಪಕ್ಕೆ ಕಾರಣ ನಮ್ಮದೇ ತಪ್ಪು. ಲೇಖನದ ಚಿತ್ರದಡಿ ‘ತಿಂಗಳಲ್ಲೇ ಗುಣಮುಖ’ ಎಂದು ಅಚ್ಚಾಗಿದೆ. ಹಾಗೆ ಬರೆಯಬಾರದಿತ್ತು. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ರಕ್ತದ ಕ್ಯಾನ್ಸರಾದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ, ರೋಗ ಪತ್ತೆಯಾಗುವ ಹೊತ್ತಿಗೆ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರಬಹುದು. ನಾಲ್ಕೈದು ವಾರಗಳ ಮೊದಲ ಹಂತದ ಚಿಕಿತ್ಸೆಯಿಂದ ಅವು ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಇಳಿಯುತ್ತವೆ. ಆದರೆ ಕಣ್ಣಿಗೆ ಕಾಣದೆ ಸಾವಿರ ಕೋಟಿಯಷ್ಟು ಕೋಶಗಳು ಉಳಿದಿರಲು ಸಾಧ್ಯ. ಆದ್ದರಿಂದಲೇ ಇನ್ನಷ್ಟು ಬಲವಾದ ಔಷಧಗಳ ಹಂತ, ಮಿದುಳು ಮತ್ತು ಬೆನ್ನುಹುರಿಯನ್ನು ಕಾಯಲು ಬೆನ್ನಿಗೆ ಕೊಡುವ ಚುಚ್ಚುಮದ್ದು, ಆ ಮೇಲೆ ಮನೆಯಲ್ಲೇ ದಿನವೂ ನುಂಗಬೇಕಾದ ಮರ್ಕ್ಯಾಪ್ಟೊಪ್ಯೂರಿನ್ ಗುಳಿಗೆ, ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್, ಹೀಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ನಡೆಯುತ್ತದೆ. ಮಗುವಿನ ಮುಖದಲ್ಲಿ ಕಳೆ ಮರಳಿದ ಮೇಲೂ ಅದನ್ನು ಬಿಡದೆ ನಡೆಸಬೇಕಾಗಿರುವುದೇ ಈ ಕಾಯಿಲೆಯ ಅತಿ ಕಠಿಣ ಭಾಗ ಎಂದು ನನಗೆ ಅನ್ನಿಸುತ್ತದೆ.

ಈ ಪಾಠವನ್ನು ವೈದ್ಯರು ಕಲಿತದ್ದು ಮಕ್ಕಳನ್ನು ಕಳೆದುಕೊಂಡೇ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮೈನೊಪ್ಟೆರಿನ್ ಎಂಬ ಔಷಧದಿಂದ ಮಕ್ಕಳ ಲ್ಯುಕೇಮಿಯಾ ಹಿಂದೆ ಸರಿಯುತ್ತದೆ ಎಂದು ಮೊದಲ ಬಾರಿಗೆ ತೋರಿಸಿದರು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಡಿದರು. ಕೆಲವು ತಿಂಗಳುಗಳಲ್ಲಿ ರೋಗ ಮರುಕಳಿಸಿತು. ನಿಜವಾದ ಗುಣದ ದಾರಿ ತೆರೆದದ್ದು 1960ರ ದಶಕದಲ್ಲಿ, ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಅವರ ಸಂಗಡಿಗರು ಹಲವು ಔಷಧಗಳನ್ನು ಒಟ್ಟುಗೂಡಿಸಿ, ಮಿದುಳಿಗೂ ಚಿಕಿತ್ಸೆ ಸೇರಿಸಿ, ವರ್ಷಗಟ್ಟಲೆ ಮುಂದುವರಿಸಿದಾಗ. ಆ ದಶಕದ ಕೊನೆಯ ಹೊತ್ತಿಗೆ ಆರಂಭಿಸಿದ ಚಿಕಿತ್ಸಾ ಕ್ರಮದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಉಳಿದರು.

ತಮ್ಮ ಮೊದಲ ಆಕ್ಷೇಪಕ್ಕೆ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ. ಆ ಆಸ್ಪತ್ರೆ 1962ರಲ್ಲಿ ತೆರೆದದ್ದು ನಟ ಡ್ಯಾನಿ ಥಾಮಸ್ ಮುಂದೆ ನಿಂತು ಕೂಡಿಸಿದ ದಾನದ ಹಣದಿಂದ. ಇಂದಿಗೂ ಅದು ಚಿಕಿತ್ಸೆಗೆ ಮಾತ್ರವಲ್ಲ, ಕುಟುಂಬದ ಪ್ರಯಾಣಕ್ಕೂ ವಸತಿಗೂ ಹಣ ಕೇಳುವುದಿಲ್ಲ. ಸಂಶೋಧನೆಗೇ ಹೆಸರಾದ ಸಂಸ್ಥೆಯೊಂದು ಈ ಖರ್ಚನ್ನು ತನ್ನ ಮೇಲೆ ಹೊತ್ತುಕೊಂಡಿರುವುದನ್ನು ತಾವು ಗಮನಿಸಬೇಕು. 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಮಕ್ಕಳ ಕ್ಯಾನ್ಸರ್ ತಜ್ಞೆ ಆಡ್ರಿ ಇವಾನ್ಸ್ ಅವರು, ಮಗಳ ಲ್ಯುಕೇಮಿಯಾದಿಂದ ಬೆಂದಿದ್ದ ಫುಟ್‌ಬಾಲ್ ಆಟಗಾರರೊಬ್ಬರ ಬಳಗದ ನೆರವು ಪಡೆದು ಆಸ್ಪತ್ರೆಯ ಸಮೀಪ ಪೋಷಕರಿಗಾಗಿ ಮನೆಯೊಂದನ್ನು ತೆರೆದರು. ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಎಂಬ ಹೆಸರಿನಲ್ಲಿ ಅಂಥ ಮನೆಗಳು ಈಗ ಹಲವು ದೇಶಗಳಲ್ಲಿವೆ.

ಕರುಣೆಯೊಂದೇ ಇದಕ್ಕೆ ಕಾರಣವಲ್ಲ. ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದಿರುವ ವಾರಗಳಲ್ಲಿ ಮಗುವಿಗೆ ಜ್ವರ ಬಂತೆಂದರೆ, ಅದು 38 ಡಿಗ್ರಿ ಸೆಲ್ಸಿಯಸ್ಸಿನಷ್ಟೇ ಇದ್ದರೂ, ತುರ್ತು ಪರಿಸ್ಥಿತಿ. ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಡುವುದು ಗಂಟೆಗಳ ಲೆಕ್ಕದಲ್ಲಿ ಅಲ್ಲ, ನಿಮಿಷಗಳ ಲೆಕ್ಕದಲ್ಲಿ ಆಗಬೇಕು. ಆಸ್ಪತ್ರೆಯಿಂದ ಅರ್ಧ ದಿನದ ದೂರದಲ್ಲಿರುವ ಮಗು ಬೆಳಗಾಗಲೆಂದು ಕಾದರೆ, ಕ್ಯಾನ್ಸರಿನಿಂದ ಪಾರಾಗುತ್ತಿದ್ದ ಅದೇ ಮಗು ಸೋಂಕಿನಿಂದ ತೀರಿಕೊಳ್ಳಬಹುದು. ಹೀಗಿರುವಾಗ ಹತ್ತು ನಿಮಿಷದ ಹಾದಿಯಲ್ಲಿರುವ ಕೊಠಡಿಯ ಬಾಡಿಗೆಯನ್ನು ಚಿಕಿತ್ಸೆಯ ಲೆಕ್ಕದಿಂದ ಹೊರಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಸಾವು ಸದ್ದಿಲ್ಲದೆ ಬರುತ್ತದೆ. ಚಿಕಿತ್ಸೆಯನ್ನು ಸತತ ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ತಪ್ಪಿಸಿದರೆ ಅದನ್ನು ‘ಚಿಕಿತ್ಸೆ ತೊರೆಯುವುದು’ ಎಂದು ತಜ್ಞರು ಗುರುತಿಸುತ್ತಾರೆ. ಇದು ಬಹುಪಾಲು ನಡೆಯುವುದು ಪೋಷಕರ ಉದಾಸೀನದಿಂದಲ್ಲ. ತಂದೆ ಅಥವಾ ತಾಯಿಯ ದುಡಿಮೆ ನಿಂತಿರುತ್ತದೆ, ಉಳಿದ ಮಕ್ಕಳನ್ನು ನೋಡಿಕೊಳ್ಳುವವರಿರುವುದಿಲ್ಲ, ಸಾಲ ಹುಟ್ಟುವುದಿಲ್ಲ. ಮಗು ನೋಡಲು ಚೆನ್ನಾಗಿಯೇ ಇದೆಯಲ್ಲ ಎಂಬ ಸಮಾಧಾನ ಆಸ್ಪತ್ರೆಯ ಮುಂದಿನ ಭೇಟಿಯನ್ನು ತಪ್ಪಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಮಂದಿ ಗುಣವಾದರೆ, ಬಹಳಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆ ಪ್ರಮಾಣ ಶೇಕಡಾ 30ಕ್ಕಿಂತ ಕಡಿಮೆ. ತಡವಾದ ಪತ್ತೆ, ಔಷಧದ ಕೊರತೆಗಳ ಜೊತೆಗೆ, ಹೀಗೆ ಅರ್ಧಕ್ಕೇ ನಿಂತುಹೋಗುವ ಚಿಕಿತ್ಸೆಯನ್ನೂ ಆ ಸಂಸ್ಥೆ ಕಾರಣವಾಗಿ ಹೆಸರಿಸುತ್ತದೆ. ನೆರವನ್ನು ಮೊದಲ ತಿಂಗಳಿಗೇ ನಿಲ್ಲಿಸಿ ಹೊಸ ಮಗುವಿನತ್ತ ತಿರುಗುವ ಪ್ರತಿಷ್ಠಾನದ ಪಟ್ಟಿ ಉದ್ದವಾದೀತು. ಆ ಪಟ್ಟಿಯಲ್ಲಿ ಬದುಕಿ ಉಳಿಯುವವರು ಕಡಿಮೆಯಾದಾರು.

ಸಂಶೋಧನೆಗೆ ಹಣ ಬೇಡವೆಂದು ಇದರರ್ಥವಲ್ಲ. ರೋಗಿಯ ಟಿ-ಕೋಶಗಳನ್ನೇ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು) ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು ಮೊದಲು ಮಕ್ಕಳ ಮತ್ತು ಯುವಜನರ ಲ್ಯುಕೇಮಿಯಾಕ್ಕೇ. ಆದರೆ ಹಳೆಯ ಔಷಧಗಳಿಂದಲೇ ಗುಣವಾಗಬಲ್ಲ ಮಗು ದಾರಿಖರ್ಚಿಲ್ಲದೆ ಸಾಯುತ್ತಿರುವಾಗ, ಚಿಕ್ಕ ಪ್ರತಿಷ್ಠಾನವೊಂದು ಮೊದಲು ಆ ಖರ್ಚಿಗೆ ಕೈಹಾಕುವುದು ಸರಿ ಎಂಬುದು ನನ್ನ ನಿಲುವು. ಅದರ ಲೆಕ್ಕವನ್ನು ತಾವು ಕೇಳಬೇಡಿ ಎಂದು ನಾನು ಹೇಳಲಾರೆ. ಖಂಡಿತ ಕೇಳಿ. ಎಷ್ಟು ಮಕ್ಕಳಿಗೆ ನೆರವು ಕೊಟ್ಟಿರಿ ಎಂದು ಕೇಳಿ ಅಲ್ಲಿಗೇ ನಿಲ್ಲಿಸದೆ, ಅವರಲ್ಲಿ ಎಷ್ಟು ಮಂದಿ ಚಿಕಿತ್ಸೆ ಪೂರ್ಣಗೊಳಿಸಿದರು, ಎಷ್ಟು ಮಂದಿ ನಡುವೆ ಬರುವುದನ್ನು ನಿಲ್ಲಿಸಿದರು, ಅವರನ್ನು ಹುಡುಕಿಕೊಂಡು ಹೋದಿರಾ ಎಂದೂ ಕೇಳಿ. ನಮ್ಮ ಲೇಖನ ಈ ಪ್ರಶ್ನೆಗಳನ್ನು ಕೇಳಬೇಕಿತ್ತು, ಕೇಳಲಿಲ್ಲ.

ಹಣ ಕೊಡಲಾಗದವರು ಏನು ಮಾಡಬಹುದು ಎಂದು ಪತ್ರದ ಕೊನೆಯಲ್ಲಿ ವಿಚಾರಿಸಿದ್ದೀರಿ. ಈ ಮಕ್ಕಳಿಗೆ ಮತ್ತೆ ಮತ್ತೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು, ಬೇಕಾಗುತ್ತದೆ. ದಾನವಾಗಿ ಬಂದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನಗಳಷ್ಟೇ ಬಾಳುವುದರಿಂದ ಒಂದೇ ದೊಡ್ಡ ಶಿಬಿರದಲ್ಲಿ ಕೂಡಿಸಿ ತಿಂಗಳುಗಟ್ಟಲೆ ಇಟ್ಟುಕೊಳ್ಳಲು ಬರುವುದಿಲ್ಲ. ಆಸ್ಪತ್ರೆಯ ರಕ್ತನಿಧಿಯಲ್ಲಿ ಹೆಸರು ಬರೆಸಿ, ಅವರು ಕರೆದ ದಿನ ಹೋಗಬಲ್ಲ ದಾನಿಗಳು ಬೇಕು.

‘ತಿಂಗಳಲ್ಲೇ ಗುಣಮುಖ’ ಎಂಬುದರ ತಿದ್ದುಪಡಿಯನ್ನು ಇದೇ ಪುಟದಲ್ಲಿ ಪ್ರಕಟಿಸಿದ್ದೇವೆ.

– ಸಂಪಾದಕ