ಸುರಪುರದ ನಾಯಕನ ವೇಷಕ್ಕೆ ಎಂಥ ಕತ್ತಿ?

ಅಕ್ಕಾ, ಏಳು ವರ್ಷದ ಮಗನಿಗೆ ಸುರಪುರದ ರಾಜಾ ವೆಂಕಟಪ್ಪ ನಾಯಕನ ವೇಷ ಹಾಕಿಸಬೇಕು, ಆನ್‌ಲೈನ್‌ನಲ್ಲಿ ಸ್ಟೀಲ್ ಕತ್ತಿ ತರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊಂಡಾಗಿದ್ದರೂ ಅದು ಭಾರ, ಸ್ಟೇಜ್ ಮೇಲೆ ಪಕ್ಕದ ಮಗುವಿನ ಕಣ್ಣಿಗೆ ತಾಗಬಹುದು.

ಫೋಮ್ ಶೀಟಿನಲ್ಲಿ ಮನೆಯಲ್ಲೇ ಮಾಡಿ. ಎರಡು ಪದರ ಅಂಟಿಸಿ, ನಡುವೆ ತೆಳು ಬಿದಿರು ಕಡ್ಡಿ ಇಡಿ. ಕಡ್ಡಿ ತುದಿಗಿಂತ ನಾಲ್ಕು ಬೆರಳು ಹಿಂದೆಯೇ ನಿಲ್ಲಲಿ.

ಆಕಾರ ಮಾತ್ರ ಸರಿ ಇರಲಿ. ಅಂಗಡಿಯ ಆಟಿಕೆ ಕತ್ತಿಗಳಲ್ಲಿ ಜಾಸ್ತಿ ನೇರ ಅಲಗು, ಶಿಲುಬೆಯಂಥ ಹಿಡಿ. ಅದು ಯುರೋಪಿನದು. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ನಮ್ಮ ದೊರೆಗೆ ಒಪ್ಪುವುದಿಲ್ಲ. ತಲವಾರ್ ಬಾಗಿರುತ್ತದೆ, ಹಿಡಿಯ ಕೊನೆಗೆ ಸಣ್ಣ ತಟ್ಟೆಯಂಥ ಬಿಲ್ಲೆ, ಅದರ ಮೇಲೊಂದು ಗುಬುಟು. ನನ್ನ ಮಗಳಿಗೆ ಮಾಡಿದಾಗ ಉಪ್ಪಿನಕಾಯಿ ಬಾಟಲಿ ಮುಚ್ಚಳವನ್ನೇ ಬಿಲ್ಲೆ ಮಾಡಿದೆ. ಕಪ್ಪು ಬಳಿದು, ಬೀದರ್‌ನ ಬಿದ್ರಿ ಹೂಜಿಯ ಥರ ಬೆಳ್ಳಿ ಪೆನ್ನಿನಲ್ಲಿ ಬಳ್ಳಿ ಎಳೆದೆ. ದೂರದಿಂದ ನಿಜವಾದದ್ದೇ ಅನ್ನಿಸಿತು!

ಗೋಡೆಗೂ ಒಂದು ಬೇಕು ಅಂದಿದ್ದೀರಲ್ವಾ? ಹರಿತ ಕತ್ತಿ 1959ರ ಶಸ್ತ್ರಾಸ್ತ್ರ ಕಾಯ್ದೆಯೊಳಗೆ ಬರುತ್ತದೆ, ಬರೀ ಆಟಿಕೆ ಬರುವುದಿಲ್ಲ. ಕೊಳ್ಳುವ ಮೊದಲು ಠಾಣೆಯಲ್ಲಿ ಕೇಳಿ.