ಸಂಪಾದಕರ ಉತ್ತರ: ನೆಲದೊಳಗೆ ಇಳಿಸಿದ ಗ್ಯಾಸು ಬೋರ್ ಹೊಡೆದ್ರೆ ಬುಸ್ ಅಂತ ಬರುತ್ತಾ?

ವಿಜಯಪುರ ಜಿಲ್ಲೆಯಿಂದ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕ್ತಿಲ್ಲ. ಇಪ್ಪತ್ತು ವರ್ಷದಿಂದ ಬೋರ್‌ವೆಲ್ ರಿಗ್ ನಡೆಸ್ತಿದ್ದಾರಂತೆ. ಐಸ್‌ಲ್ಯಾಂಡ್‌ನಲ್ಲಿ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿ ನೆಲದಲ್ಲಿ ಹೂಳ್ತಾರೆ ಅಂತ ಹೋದ ಸಂಚಿಕೆಲಿ ಹಾಕಿದ್ದ ಪುಟ್ಟ ಬರಹ ಓದಿ ಸಿಟ್ಟು ಬಂದಿದೆ. ಪತ್ರದ ತಿರುಳು ಅವರ ಮಾತಲ್ಲೇ:

"ಸರ, ನೆಲದಾಗ ಹಾಕಿದ್ದು ಅಲ್ಲೇ ಇರತೈತಿ ಅನ್ನೂದು ನೆಲಾ ಕೊರೀಲಾರದವರ ಮಾತು. ಒಬ್ರ ಹೊಲದಾಗ ಬೋರ್ ಹೊಡದ್ರ ಬಾಜೂ ಹೊಲದ ಬೋರ್ ಬತ್ತತೈತಿ, ಗ್ಯಾಸ್ ಸುಮ್ನ ಕುಂದರತೈತೇನ್ರಿ? ನಾಳೆ ಯಾರರ ಬೋರ್ ಹೊಡದ್ರ ಬುಸ್ ಅಂತ ಹೊರಗ ಬರೂದಿಲ್ಲೇನು? ಆಫ್ರಿಕಾದಾಗ ಕೆರಿಯಿಂದ ಇದೇ ಗ್ಯಾಸ್ ಎದ್ದು ಮಂದಿ ಸತ್ತಿದ್ದು ಓದೀನಿ. ಇದರ ಬದ್ಲಿ ಗಿಡಾ ಹಚ್ಚಬಾರದೇನು? ಅಲ್ಲೂ ಕರೀ ಕಲ್ಲಂತ, ನಮ್ಮ ಕಡೇನೂ ಕರೀ ಕಲ್ಲೇ ಐತಿ, ನಾಳೆ ಇಲ್ಲೂ ತಂದು ತುಂಬಾವ್ರ ಏನು?"

ಸರ್, ಮೊದಲು ತಪ್ಪು ಒಪ್ಕೋತೀನಿ. "ಹೂಳ್ತಾರೆ" ಅಂತ ಬರೆದಿದ್ದೇ ನಮ್ಮ ಎಡವಟ್ಟು. ಹೂಳೋದು ಅಂದ್ರೆ ಸಿಲಿಂಡರ್ ತರ ಏನೋ ಒಂದನ್ನ ನೆಲದಲ್ಲಿಟ್ಟು ಮೇಲೆ ಮಣ್ಣು ಎಳೆದ ಹಾಗೆ ಕೇಳುತ್ತೆ, ಆಗ ಯಾರಿಗಾದ್ರೂ ಭಯ ಆಗ್ಲೇಬೇಕು. ಅಲ್ಲಿ ನಡಿಯೋದು ಬೇರೆ. ಐಸ್‌ಲ್ಯಾಂಡ್ ರಾಜಧಾನಿ ರೇಕ್ಯಾವಿಕ್ ಹತ್ತಿರ ಹೆಲ್ಲಿಸ್‌ಹೇಯ್ದಿ ಅಂತ ಜಾಗ, ಭೂಮಿಯ ಬಿಸಿಯಿಂದ ಕರೆಂಟ್ ತೆಗೆಯೋ ದೊಡ್ಡ ಸ್ಥಾವರ ಇದೆ, ಅಲ್ಲಿ ಕಾರ್ಬ್‌ಫಿಕ್ಸ್ ಅನ್ನೋರು ಗ್ಯಾಸನ್ನ ನೀರಲ್ಲಿ ಕರಗಿಸಿ ಇಳಿಸ್ತಾರೆ. ಸೀದಾ ಹೇಳಬೇಕಂದ್ರೆ ಗೋಲಿ ಸೋಡಾ. ಮಾಮೂಲಿ ನೀರಿಗಿಂತ ಈ ಸೋಡಾ ನೀರು ತುಸು ಭಾರ, ಅದಕ್ಕೇ ಮೇಲೇಳಲ್ಲ, ಕೆಳಗೇ ಇಳಿಯುತ್ತೆ. ಜೊತೆಗೆ ಸ್ವಲ್ಪ ಹುಳಿ, ಕರೀ ಬಸಾಲ್ಟ್ ಕಲ್ಲನ್ನ ತಿನ್ನುತ್ತೆ, ಕಲ್ಲಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಬಿಟ್ಕೊಳ್ಳುತ್ತೆ, ಅವು ಕಾರ್ಬನ್ ಜೊತೆ ಸೇರಿ ಸುಣ್ಣದ ಜಾತಿಯ ಬಿಳಿ ಕಲ್ಲಾಗಿ ಅದೇ ಕಲ್ಲಿನ ತೂತುಗಳಲ್ಲಿ ಕೂತ್ಕೊಳ್ಳುತ್ತೆ.

ಮೊದಲ ಪ್ರಯೋಗ 2012ರಲ್ಲಿ. ಸುಮಾರು 400ರಿಂದ 800 ಮೀಟರ್ ಆಳ, ನಿಮ್ಮ ಲೆಕ್ಕದಲ್ಲಿ 1300ರಿಂದ 2600 ಅಡಿ ಅಂದ್ಕೊಳ್ಳಿ. 175 ಟನ್ ಶುದ್ಧ ಕಾರ್ಬನ್ ಡೈಆಕ್ಸೈಡ್ ಮೊದಲು, ಆಮೇಲೆ ಸ್ಥಾವರದ್ದೇ ಗ್ಯಾಸ್ ಮಿಶ್ರಣ 73 ಟನ್. ಇಳಿಸೋವಾಗ ಅದಕ್ಕೆ ಕಾರ್ಬನ್-14 ಗುರುತು ಬೆರೆಸಿದ್ರು, ಎಲ್ಲಿ ಹೋದ್ರೂ ಇದು ನಮ್ಮದೇ ಅಂತ ಹಿಡಿಯೋಕೆ, ದನದ ಕಿವಿಗೆ ಓಲೆ ಹಾಕ್ತಾರಲ್ಲ ಹಾಗೆ. ಸ್ವಲ್ಪ ದೂರದ ಇನ್ನೊಂದು ಬೋರ್‌ನಿಂದ ನೀರೆತ್ತಿ ಪರೀಕ್ಷೆ ಮಾಡ್ತಿದ್ರು. ಒಂದಿನ ಆ ಬೋರಿನ ಪಂಪ್ ಜಾಮ್! ಎತ್ತಿ ನೋಡಿದ್ರೆ ಮೈತುಂಬಾ ಕ್ಯಾಲ್ಸೈಟ್, ಅಂದ್ರೆ ಅದೇ ಸುಣ್ಣದ ಜಾತಿಯ ಬಿಳಿ ಕಲ್ಲು, ಕಟ್ಟಿದೆ, ಅದರಲ್ಲಿ ಅದೇ ಕಾರ್ಬನ್-14 ಗುರುತು. ಮೋಟರ್‌ಗೆ ಸುಣ್ಣ ಕಟ್ಟೋದು ನಿಮಗೆ ಹೊಸದಲ್ಲ, ಎಷ್ಟು ಸಲ ಪೈಪ್ ಎತ್ತಿ ಬಡಿದು ಉದುರಿಸಿರ್ತೀರೋ, ಆದ್ರೆ ಪಂಪ್ ಕೆಟ್ಟಿದ್ದಕ್ಕೆ ಖುಷಿಪಟ್ಟೋರು ಬಹುಶಃ ಅವರೊಬ್ಬರೇ. ಈ ಕೆಲಸಕ್ಕೆ ನೂರಾರು ವರ್ಷ, ಸಾವಿರಾರು ವರ್ಷ ಬೇಕು ಅಂತ ಅಂದ್ಕೊಂಡಿದ್ರು. 2016ರಲ್ಲಿ ಸೈನ್ಸ್ ಪತ್ರಿಕೆಲಿ ಲೆಕ್ಕ ಬಂತು: ಇಳಿಸಿದ್ದರಲ್ಲಿ 95 ಪರ್ಸೆಂಟಿಗೂ ಹೆಚ್ಚು ಎರಡೇ ವರ್ಷದೊಳಗೆ ಕಲ್ಲಾಗಿತ್ತು.

ಹಾಗಾಗಿ ಬುಸ್ ಪ್ರಶ್ನೆಗೆ ಉತ್ತರ: ಕಲ್ಲಾದ ಮೇಲೆ ಬೋರ್ ಹೊಡೆದ್ರೆ ನಿಮ್ಮ ಬಿಟ್‌ಗೆ ಸಿಗೋದು ಬಿಳಿ ಪುಡಿ, ಅಷ್ಟೇ. ಕಲ್ಲಾಗೋಕೆ ಮುಂಚೆ ಅಂದ್ರೆ ಆ ಮೊದಲ ಒಂದೆರಡು ವರ್ಷದಲ್ಲಿ ಅಲ್ಲೇ ಪಕ್ಕದಲ್ಲಿ ಅಷ್ಟು ಆಳಕ್ಕೆ ಹೊಡೆದ್ರೆ? ಆಗ ಸೋಡಾ ನೀರು ಮೇಲೆ ಬರಬಹುದು, ಒತ್ತಡ ಇಳಿದ ಹಾಗೆ ನೊರೆನೂ ಏಳಬಹುದು, ಗೋಲಿ ಒತ್ತಿದಾಗ ಏಳುತ್ತಲ್ಲ ಹಾಗೆ. ಅದಕ್ಕೇ ಅಂಥ ಜಾಗದ ಸುತ್ತ ಯಾರು ಎಲ್ಲಿ ಬೋರ್ ಹೊಡೀತಾರೆ ಅನ್ನೋದರ ಮೇಲೆ ಹಿಡಿತ ಇರ್ಲೇಬೇಕು. ಆ ಹಿಡಿತ ನಮ್ಮಲ್ಲಿ ಎಷ್ಟಿದೆ ಅನ್ನೋದನ್ನ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ನೀವು ಹೇಳಿದ ಆಫ್ರಿಕಾದ ಕೆರೆ ಕ್ಯಾಮರೂನಿನ ನಿಯೋಸ್. 1986ರ ಆಗಸ್ಟ್‌ನಲ್ಲಿ ಸುಮಾರು 1700 ಜನ ಒಂದೇ ರಾತ್ರಿ ಉಸಿರುಗಟ್ಟಿ ಸತ್ತರು, ದನಕರು ಸಾವಿರಾರು. ನಿಜ, ಅದೇ ಗ್ಯಾಸ್. ಅದು ಗಾಳಿಗಿಂತ ಭಾರ ಆದ್ದರಿಂದ ತಗ್ಗು ಹಿಡಿದು ಹರಿಯಿತು. ಆದ್ರೆ ಅಲ್ಲಿ ಜ್ವಾಲಾಮುಖಿಯ ಗ್ಯಾಸು ಕೆರೆಯ ತಳದ ನೀರಲ್ಲಿ ವರ್ಷಗಟ್ಟಲೆ ಕರಗಿ ಕೂತಿತ್ತು, ಮೇಲೆ ಇದ್ದಿದ್ದು ಬರೀ ನೀರು, ಕಲ್ಲಲ್ಲ. ನಿಮ್ಮ ಭಯಕ್ಕೆ ಸರಿಯಾದ ಉದಾಹರಣೆ ಬೇಕಂದ್ರೆ ನಾನೇ ಕೊಡ್ತೀನಿ. 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪ್ಪಿಯ ಸಟಾರ್ಶಿಯಾ ಅನ್ನೋ ಹಳ್ಳಿ ಹತ್ತಿರ ಕಾರ್ಬನ್ ಡೈಆಕ್ಸೈಡ್ ಪೈಪ್‌ಲೈನ್ ಒಡೀತು. ಯಾರೂ ಸಾಯ್ಲಿಲ್ಲ, ಆದ್ರೆ ನಲವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು, ಆಮ್ಲಜನಕ ಸಾಲದೆ ಕಾರುಗಳ ಇಂಜಿನ್ ದಾರೀಲೇ ನಿಂತುಹೋದ್ವು. ಪೈಪಲ್ಲಿ ಇರೋವಾಗ ಅದು ಇನ್ನೂ ಕಲ್ಲಾಗಿರಲ್ಲ, ಪೈಪ್ ಒಡೆದ್ರೆ ಗ್ಯಾಸಾಗಿ ಹೊರಗೆ ನುಗ್ಗುತ್ತೆ. ಹೆದರಬೇಕಾಗಿರೋದು ನೆಲದ ಮೇಲಿನ ಈ ಪ್ರಯಾಣಕ್ಕೆ. ಇನ್ನೊಂದು, ನೆಲಕ್ಕೆ ನೀರು ತಳ್ಳಿದ್ರೆ ಸಣ್ಣಪುಟ್ಟ ನಡುಕ ಬರೋದೂ ಉಂಟು, ಹೆಲ್ಲಿಸ್‌ಹೇಯ್ದಿಯಲ್ಲೇ 2011ರಲ್ಲಿ ಸ್ಥಾವರದ ಬಳಸಿದ ನೀರನ್ನ ವಾಪಸ್ ಇಳಿಸುವಾಗ ಅಕ್ಕಪಕ್ಕದ ಊರಿನವರಿಗೆ ಗೊತ್ತಾಗೋ ಹಾಗೆ ಭೂಮಿ ಅಲುಗಿತ್ತು.

ಈಗ ನಾನು ಹೇಳಬೇಕು ಅಂದ್ಕೊಂಡಿದ್ದ ಮಾತಿಗೆ ಬರ್ತೀನಿ. ನಿಮ್ಮ ಅನುಮಾನ ನ್ಯಾಯವಾದದ್ದೇ, ಆದ್ರೆ ಹಗ್ಗದ ತಪ್ಪು ತುದಿ ಹಿಡಿದಿದ್ದೀರಿ. ನೆಲದೊಳಗಿನ ಅರ್ಧ ಕೆಲಸ ಗಟ್ಟಿ. ಪುಸಕ್ ಅನ್ನೋದು ಮೇಲಿನ ಅರ್ಧ, ಗಾಳಿಯಿಂದ ಹಿಡಿಯೋದು.

ಗಾಳಿಯಲ್ಲಿ ಈ ಗ್ಯಾಸ್ ಇರೋದು 0.04 ಪರ್ಸೆಂಟ್ ಚಿಲ್ಲರೆ, ಎರಡು ಸಾವಿರದ ನಾನೂರು ಕಾಳು ಜೋಳದಲ್ಲಿ ಒಂದು ಕಲ್ಲು ಹುಡುಕಿದ ಹಾಗೆ. ಸ್ವಿಸ್ ಕಂಪನಿ ಕ್ಲೈಮ್‌ವರ್ಕ್ಸ್ ಹೆಲ್ಲಿಸ್‌ಹೇಯ್ದಿಯಲ್ಲಿ ಫ್ಯಾನ್ ಇಟ್ಟು ಗಾಳಿ ಎಳೆದು ಫಿಲ್ಟರ್‌ಗೆ ಅಂಟಿಸುತ್ತೆ, ಆಮೇಲೆ ಸುಮಾರು 100 ಡಿಗ್ರಿಗೆ ಕಾಯಿಸಿ ಬಿಡಿಸ್ಕೊಳ್ಳುತ್ತೆ. 2021ರಲ್ಲಿ ಓರ್ಕಾ ಅನ್ನೋ ಘಟಕ, ವರ್ಷಕ್ಕೆ 4000 ಟನ್ ಅಂದ್ರು. 2024ರಲ್ಲಿ ಮ್ಯಾಮತ್, 36,000 ಟನ್ ಅಂದ್ರು. ಓರ್ಕಾ ಹೇಳಿದಷ್ಟು ಹಿಡೀಲೇ ಇಲ್ಲ, 2025ರಲ್ಲಿ ಕಂಪನಿ ಜನರನ್ನ ಕೆಲಸದಿಂದ ತೆಗೀತು. ಆಯ್ತು, ಮ್ಯಾಮತ್ ಪೂರ್ತಿ ಓಡ್ತು ಅಂತಾನೇ ಇಟ್ಕೊಳ್ಳಿ. ಜಗತ್ತು ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು ವರ್ಷಕ್ಕೆ ಸುಮಾರು 3700 ಕೋಟಿ ಟನ್ ಬಿಡುತ್ತೆ, ಅಂದ್ರೆ ಮ್ಯಾಮತ್‌ನ ಇಡೀ ವರ್ಷದ ದುಡಿಮೆ ಜಗತ್ತಿನ ಅರ್ಧ ನಿಮಿಷದ ಹೊಗೆ. ಅಷ್ಟು ದೂರ ಯಾಕೆ, ನಿಮ್ಮ ಜಿಲ್ಲೆಯ ಕೂಡಗಿಯ ಕಲ್ಲಿದ್ದಲು ಸ್ಥಾವರ 2400 ಮೆಗಾವ್ಯಾಟ್‌ನದ್ದು, ಪೂರ್ತಿ ಓಡಿದ್ರೆ ನನ್ನ ಲೆಕ್ಕದಲ್ಲಿ ಅಷ್ಟನ್ನ ಒಂದೇ ದಿನದೊಳಗೆ ಚಿಮಣಿಯಿಂದ ಬಿಟ್ಟುಬಿಡುತ್ತೆ. ಖರ್ಚು ನೋಡಿದ್ರೆ ಟನ್ನಿಗೆ ಸಾವಿರ ಡಾಲರ್ ಹತ್ತಿರ ಹತ್ತಿರ. ಕೊಡೋರು ಯಾರು ಅಂದ್ರೆ ಹೆಚ್ಚಾಗಿ ದೊಡ್ಡ ದೊಡ್ಡ ಕಂಪನಿಗಳು, ನಮ್ಮ ಹೊಗೆ ನಾವೇ ವಾಪಸ್ ತಗೊಂಡ್ವಿ ಅಂತ ತೋರಿಸ್ಕೊಳ್ಳೋಕೆ. ಅದರಲ್ಲಿ ಪ್ರಾಮಾಣಿಕರೂ ಇದ್ದಾರೆ, ನನಗೆ ಕಿರಿಕಿರಿ ಆಗೋದು "ಮುಂದೆ ಹೀರ್ಕೊಂಡ್ರಾಯ್ತು ಬಿಡಿ" ಅಂತ ಇವತ್ತು ಸುಡ್ತಾ ಇರೋರನ್ನ ನೋಡಿದಾಗ. ಚಿಮಣಿ ಬಾಯಲ್ಲೇ ಹಿಡಿದ್ರೆ ಹತ್ತಕ್ಕೆ ಒಂದು ಪಾಲಿಗಿಂತ ಹೆಚ್ಚೇ ಸಿಗುತ್ತೆ, ಅದನ್ನ ಬಿಟ್ಟು ಬಯಲಲ್ಲಿ ಹುಡುಕೋದು ಯಾವ ಜಾಣತನ? ನಾರ್ವೆಯವರು ಸ್ಲೈಪ್ನರ್ ಅನ್ನೋ ಕಡೆ 1996ರಿಂದ ನೈಸರ್ಗಿಕ ಅನಿಲದ ಜೊತೆ ಬರೋ ಕಾರ್ಬನ್ ಡೈಆಕ್ಸೈಡನ್ನ ಬೇರೆ ಮಾಡಿ ಸಮುದ್ರದಡಿಯ ಮರಳುಗಲ್ಲಿಗೆ ಇಳಿಸ್ತಿದ್ದಾರೆ, ಮೊದಲ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ ಆಸುಪಾಸು ಇತ್ತು. ಅವರಿಗೇನು ಪುಣ್ಯದ ಆಸೆ ಇರಲಿಲ್ಲ, 1991ರಲ್ಲಿ ಸರ್ಕಾರ ಹೊಗೆಗೆ ತೆರಿಗೆ ಹಾಕಿತ್ತು, ಗಾಳಿಗೆ ಬಿಡೋದಕ್ಕಿಂತ ನೆಲಕ್ಕಿಳಿಸೋದೇ ಅಗ್ಗ ಆಯ್ತು.

ಗಿಡದ ವಿಷಯ. ಹಚ್ಚಿ, ಖಂಡಿತ ಹಚ್ಚಿ, ನಿಮ್ಮ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನನೇ ನಡೆದಿದೆ, ನೆರಳು ಮಳೆ ಮಣ್ಣು ಎಲ್ಲಕ್ಕೂ ಬೇಕು. ಆದ್ರೆ ಮರ ಕಡಿದ್ರೆ, ಸುಟ್ರೆ, ಒಣಗಿ ಕೊಳೆತ್ರೆ ಹೀರಿದ್ದೆಲ್ಲ ವಾಪಸ್ ಗಾಳಿಗೆ. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಲ್ಲಿದ್ದ ಕಾರ್ಬನ್, ಅದಕ್ಕೆ ಐವತ್ತು ವರ್ಷದ ಬೇವಿನ ಮರ ಜಾಮೀನು ಆಗಲ್ಲ.

ಕೊನೇದು, ನಿಮ್ಮ ಕಡೆ ತಂದು ತುಂಬ್ತಾರಾ? ಕಲ್ಲು ಅದೇ ಜಾತಿ, ನಿಜ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯ ಕರೀ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ, ಮಹಾರಾಷ್ಟ್ರದ ಬಹುಭಾಗವನ್ನ ಹೊದ್ದಿರೋ ಡೆಕ್ಕನ್ ಟ್ರಾಪ್ಸ್‌ನ ದಕ್ಷಿಣದ ಸೆರಗು. ಈ ಕಲ್ಲಿನ ಬಗ್ಗೆ ವಿಜ್ಞಾನಿಗಳು ಆಸೆಯಿಂದ ನೋಡ್ತಿರೋದೂ ಹೌದು. ಆದ್ರೆ ಮೂರು ತೊಡಕು ನನಗೆ ಕಾಣುತ್ತೆ. ಸೆರಗಲ್ಲಿ ಪದರ ತೆಳು, ದಪ್ಪ ಇರೋದು ಪಶ್ಚಿಮಕ್ಕೆ, ಸಹ್ಯಾದ್ರಿ ಕಡೆ. ಐಸ್‌ಲ್ಯಾಂಡ್ ಕಲ್ಲು ಎಳೇದು, ತೂತು ಖಾಲಿ ಇದೆ, ನಮ್ಮದು ಮುದಿ ಕಲ್ಲು, ತೂತಲ್ಲಿ ಬಹಳಷ್ಟು ಆಗಲೇ ತುಂಬಿಹೋಗಿದೆ. ಮೂರನೇದು ನೀರು, ಇದು ಎಲ್ಲಕ್ಕಿಂತ ದೊಡ್ಡದು. ಕಾರ್ಬ್‌ಫಿಕ್ಸ್ ರೀತಿಯಲ್ಲಿ ಒಂದು ಟನ್ ಗ್ಯಾಸ್ ಇಳಿಸೋಕೆ ಸುಮಾರು 25 ಟನ್ ನೀರು ಬೇಕು. 36,000 ಟನ್‌ಗೆ 90 ಕೋಟಿ ಲೀಟರ್! ಅದೇ ನೀರನ್ನ ಕೆಳಗಿಂದೆತ್ತಿ ಮತ್ತೆ ಬಳಸಬಹುದು ಅಂತಾರೆ, ಇರಲಿ, ಬೇಸಿಗೆಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡೋ ಊರಲ್ಲಿ ಹೋಗಿ ಅದನ್ನ ಯಾರು ಹೇಳ್ತಾರೆ, ನೀವೇ ಹೇಳಿ. ನೀರಿಲ್ಲದ ದಾರಿನೂ ಇದೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲ್ಲೂಲಾದಲ್ಲಿ 2013ರಲ್ಲಿ ಸುಮಾರು 1000 ಟನ್ ಗ್ಯಾಸನ್ನ ಒತ್ತಡದಲ್ಲಿ ದ್ರವದ ಹಾಗೆ ಮಾಡಿ ಬಸಾಲ್ಟ್‌ಗೆ ಇಳಿಸಿದ್ರು, ಎರಡು ವರ್ಷ ಬಿಟ್ಟು ಕೊರೆದು ತೆಗೆದ ಕಲ್ಲಲ್ಲಿ ಕಾರ್ಬೊನೇಟ್ ಗಂಟುಗಳು, ಅಂದ್ರೆ ಗ್ಯಾಸ್ ಕಲ್ಲಾದ ಗುರುತು, ಸಿಕ್ಕವು. ಅದು ಸಾಧ್ಯ ಅಂತ ತೋರಿಸ್ತು, ಆದ್ರೆ ಅದಕ್ಕೆ ಮೇಲೆ ಬಿರುಕಿಲ್ಲದ ಗಟ್ಟಿ ಪದರದ ಮುಚ್ಚಳ ಇರ್ಬೇಕು.

ತೂತು ತುಂಬಿರೋ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತೆ. ಕೊರೆಯುವಾಗ ಕರೀ ಪುಡಿ ಜೊತೆ ಬೆಳ್ಳಗೆ ಹೊಳೆಯೋ ಚೂರು ಬರುತ್ತಲ್ಲ, ಮುಂದಿನ ಸಲ ಅದನ್ನ ಒಂದಿಷ್ಟು ಎತ್ತಿಟ್ಕೊಳ್ಳಿ. ನುಣ್ಣಗೆ ಕುಟ್ಟಿ ಮೇಲೆ ವಿನೆಗರ್ ನಾಲ್ಕು ಹನಿ ಬಿಡಿ, ಅಡುಗೆಮನೆಲಿ ಇಲ್ಲದಿದ್ರೆ ನಿಂಬೆಹಣ್ಣಾದ್ರೂ ಹಿಂಡಿ. ಸಣ್ಣಗೆ ಗುಳ್ಳೆ ಎದ್ರೆ ಅದು ಕ್ಯಾಲ್ಸೈಟ್, ಆ ಗುಳ್ಳೆಯೇ ನೀವು ಕೇಳಿದ ಗ್ಯಾಸು, ಯಾರೂ ತುಂಬದೇ ಯಾವುದೋ ಕಾಲದಲ್ಲಿ ತಾನಾಗೇ ಕಲ್ಲಾಗಿ ಕೂತಿದ್ದು. ಗುಳ್ಳೆ ಬರದಿದ್ರೆ ಜಿಯೋಲೈಟೋ (ಇಂಥ ತೂತಲ್ಲೇ ಬೆಳೆಯೋ ಇನ್ನೊಂದು ಖನಿಜ) ಸ್ಫಟಿಕವೋ ಇರುತ್ತೆ. ಯಾವ ಊರು, ಎಷ್ಟು ಅಡಿಗೆ ಸಿಕ್ತು ಅಂತ ಚೀಟಿ ಬರೆದು ಎರಡೂ ಜಾತಿ ಚೂರು ಕಳಿಸಿಕೊಡಿ, ಫೋಟೋ ತೆಗೆದು ಹಾಕ್ತೀವಿ. ಪೋಸ್ಟ್ ಖರ್ಚು ಪತ್ರಿಕೆದು.